ಗಂಡನನ್ನು ಒಳಗೆ ಹಾಕಿ ಎಂದ ಶಿವಗಂಗಮ್ಮ

ಹಾರನಹಳ್ಳಿಯ ಶಾಲೆಗೆ ವರ್ಗವಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯ ಶಿವಗಂಗಮ್ಮ ನನ್ನನ್ನು ಸ್ವಾಗತಿಸಿದ್ದೇ ಗೇಲಿ ಮಾಡಿ. ನಾನು ಬೇಲೂರಿನವನು, ದೇವಸ್ಥಾನದ ಸೇವೆಯ ಮನೆತನದವನು. ತೆಂಗಿನಕಾಯಿ ಎಂದರೆ ದೇವರ ಮುಂದೆ ಒಡೆಯುವುದು, ಚಟ್ನಿಗೆ ರುಬ್ಬುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ಆಕೆಯ ಅಂಗಳದಲ್ಲಿ ಬಿದ್ದಿದ್ದ ಕಾಯೊಂದನ್ನು ಎತ್ತಿ ಅಲುಗಾಡಿಸಿ, "ಇದು ಕೆಟ್ಟುಹೋಗಿದೆ, ಒಳಗೆ ನೀರೇ ಇಲ್ಲ" ಎಂದೆ. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

"ಅಯ್ಯೋ ಮೇಷ್ಟ್ರೇ, ನೀರು ಇಲ್ದೇ ಹೋದ್ರೇನೆ ಅದು ಕೊಬ್ಬರಿ. ನಿಮ್ಮ ಬೇಲೂರಲ್ಲಿ ಕಲ್ಲಿನ ಗೊಂಬೆ ಬಿಟ್ರೆ ಇನ್ನೇನೂ ಬೆಳೆಯಾಕಿಲ್ವಾ?"

ತೆಂಗಿನ ಸೀಮೆಯ ಕೆಲಸವನ್ನು ನನಗೆ ತಿಳಿಸಿಕೊಟ್ಟವಳೂ ಆಕೆಯೇ. ಕಿತ್ತ ಕಾಯಿಯನ್ನು ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮಚ್ಚಿನಿಂದ ಚಿಪ್ಪನ್ನು ಚೂರು ಚೂರಾಗಿ ಹಾರಿಸಿ ಉಂಡೆ ಕೊಬ್ಬರಿ ತೆಗೆಯಬೇಕು. ಕೊಬ್ಬರಿಗೆ ಗಾಯವಾದರೆ ಅರಸೀಕೆರೆಯ ಮಂಡಿಯವರು ಮುಖ ಸಿಂಡರಿಸುತ್ತಾರೆ. ಕೈಗೆ ಗಾಯವಾದರೆ ಕೇಳುವವರಿಲ್ಲ. ಈ ಸೀಮೆಯ ಹೆಂಗಸರ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗೆರೆ ಇದ್ದೇ ಇರುತ್ತದೆ. ಶಿವಗಂಗಮ್ಮನ ಕೈಯಲ್ಲಂತೂ ಗೆರೆಯ ಮೇಲೆ ಗೆರೆ.

ಆಕೆಯ ತವರು ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿ. ಬಸದಿಯ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು ಜಡೆ ಹೆಣೆದುಕೊಳ್ಳುತ್ತಿದ್ದ ವಯಸ್ಸಿನಲ್ಲೇ ಮದುವೆಯಾಗಿ ಹಾರನಹಳ್ಳಿಗೆ ಬಂದಳು. ಗಂಡ ಸಿದ್ದಬಸಪ್ಪ ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವ ಮನುಷ್ಯ. ಅತ್ತೆ ತೀರಿಕೊಂಡಾಗ ಮೈದುನ ಚನ್ನಪ್ಪ ಇನ್ನೂ ಹಾಲು ಬಿಡದ ಕೂಸು. ತನಗೆ ಮಕ್ಕಳಾಗಲಿಲ್ಲ ಎಂಬ ಕೊರಗು ಆಕೆಗೆ ಇದ್ದಂತೆ ಕಾಣಲಿಲ್ಲ, ಚನ್ನಪ್ಪ ಇದ್ದನಲ್ಲ. ಮೀಸೆ ಬಂದ ಹುಡುಗನನ್ನು ಊಟಕ್ಕೆ ಕೂರಿಸಿ ಬೈದು ಬೈದು ಮುದ್ದೆ ಬಡಿಸುವುದು ನಮ್ಮ ಮನೆಗೆ ಕೇಳಿಸುತ್ತಿತ್ತು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಸಿದ್ದಬಸಪ್ಪನಿಗೆ ನಿದ್ದೆ ಬಾರದಂತಾಯಿತು. ತೋಟದಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಬಾವಿಯ ನೀರು ಬೇರೆ ವಾಸನೆ ಬರುತ್ತಿದೆ ಎಂದ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ಮಠಕ್ಕೆ ಕರೆದುಕೊಂಡು ಹೋಗಿ ಗದ್ದುಗೆಗೆ ಅಡ್ಡ ಬೀಳಿಸಿದರು. ಆಮೇಲೆ ಅವನು ತಮ್ಮನ ಮುಖವನ್ನೇ ದಿಟ್ಟಿಸಿ ನೋಡತೊಡಗಿದ. "ಇವನು ನಮ್ಮ ಚನ್ನಪ್ಪ ಅಲ್ಲ. ಚನ್ನಪ್ಪನ ಮುಖ ಹಾಕ್ಕಂಡು ಬೇರೆ ಯಾವನೋ ಬಂದವ್ನೆ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದನಂತೆ. ಆಕೆ ನಕ್ಕು ಸುಮ್ಮನಾದಳು. ನಾನಾಗಿದ್ದರೂ ನಗುತ್ತಿದ್ದೆ.

ಒಂದು ಬೆಳಿಗ್ಗೆ ಚನ್ನಪ್ಪ ಅಂಗಳದಲ್ಲಿ ಬಗ್ಗಿ ಕಾಯಿ ಸುಲಿಯುತ್ತಿದ್ದಾಗ ಅಣ್ಣ ಹಿಂದಿನಿಂದ ಬಂದು ಮಚ್ಚು ಬೀಸಿದ. ಕೂಗು ಕೇಳಿ ನಾನು ಓಡಿಹೋದೆ. ಆ ಅಂಗಳವನ್ನು ನಾನು ವರ್ಣಿಸುವುದಿಲ್ಲ. ನಾನು ಬೆಚ್ಚಿದ್ದು ರಕ್ತ ನೋಡಿ ಅಲ್ಲ, ಸಿದ್ದಬಸಪ್ಪನ ಮಾತು ಕೇಳಿ. ಅವನು ಜಗುಲಿಯ ಮೇಲೆ ನೆಮ್ಮದಿಯಾಗಿ ಕೂತು, ತೋಟದ ಕಡೆ ತಿರುಗಿ, ಅಕ್ಕರೆಯಿಂದ ತಮ್ಮನನ್ನು ಕರೆಯುತ್ತಿದ್ದ. "ಚನ್ನಪ್ಪಾ, ಎಲ್ಲಿದ್ದೀಯೋ? ಬಾರೋ. ಅವನು ಹೋದ ಕಣೋ. ಇನ್ನು ನೀನು ಮನೆಗೆ ಬರಬೌದು."

ಹುಚ್ಚು ಎಂದರೆ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಕುಣಿಯುವುದು ಎಂದುಕೊಂಡಿದ್ದ ನನಗೆ, ಹುಚ್ಚು ಇಷ್ಟು ಪ್ರೀತಿಯ ದನಿಯಲ್ಲಿ ಮಾತಾಡಬಲ್ಲದು ಎಂದು ಅಂದು ತಿಳಿಯಿತು. ಆ ದನಿ ಬಹಳ ಕಾಲ ನನ್ನ ಕಿವಿಯಿಂದ ಹೋಗಲಿಲ್ಲ.

ಅವನನ್ನು ಜೈಲಿಗೆ ಹಾಕಿದರು. ವಿಚಾರಣೆ ನಡೆಸುವ ಸ್ಥಿತಿಯಲ್ಲಿ ಇವನಿಲ್ಲ, ಮಾನಸಿಕ ಆಸ್ಪತ್ರೆಗೆ ಕಳಿಸಿ ಎಂದು ಕೋರ್ಟು ಹೇಳಿತು. ಕೊಲೆಗಾರರನ್ನು ಇಡುವ ಕೋಣೆ ಭರ್ತಿಯಾಗಿದೆ ಎಂದು ಆಸ್ಪತ್ರೆಯವರು ಬರೆದರು. ವರ್ಷ ಕಳೆದರೂ ಅವನು ಜೈಲಿನಲ್ಲೇ ಇದ್ದ. ಶಿವಗಂಗಮ್ಮ ನೋಡಲು ಹೊರಟಾಗ ನಾನೂ ಜೊತೆಗೆ ಹೋದೆ. ಯಾವ ಜೈಲು, ಯಾವ ಆಸ್ಪತ್ರೆ ಎಂದು ಇಲ್ಲಿ ಹೆಸರು ಹಿಡಿದು ಬರೆಯುವುದಿಲ್ಲ. ಬೇರೆ ಊರಿಗೆ ಹೋಗಿದ್ದರೂ ಇದೇ ಕಾಣುತ್ತಿತ್ತು ಎಂಬುದು ನನ್ನ ನಂಬಿಕೆ.

ಹಿತ್ತಲ ಕಡೆಯ ಕತ್ತಲೆ ಕೋಣೆಯಲ್ಲಿ ಗೋಡೆಯ ಕಬ್ಬಿಣದ ಬಳೆಗೆ ಸರಪಳಿ ಹಾಕಿ ಕೂರಿಸಿದ್ದರು. ಮೈಮೇಲೆ ಗೋಣಿ. ತಲೆಯಲ್ಲಿ ಹುಣ್ಣು. ಬೇರೆ ಕೈದಿಗಳು ಹೊತ್ತು ಹೋಗದಾಗ ಬಂದು ಸಣ್ಣ ಕಲ್ಲು ಎಸೆದು ಅವನು ಕಿರುಚುವುದನ್ನು ನೋಡುತ್ತಿದ್ದರಂತೆ. ನಾನು ಕಾವಲುಗಾರನ ಮೇಲೆ ರೇಗಿದೆ, ನೀನೂ ಒಬ್ಬ ಮನುಷ್ಯನೇನಯ್ಯ ಎಂದೆ. ಅವನು ತೋಳು ಮೇಲೆತ್ತಿ ತೋರಿಸಿದ. ಮಾಂಸ ಕಿತ್ತು ಬಂದ ಹಾಗೆ ಹಲ್ಲಿನ ಗುರುತು.

"ಕಳ್ಳರನ್ನ ಕಾಯೋಕೆ ಅಂತ ನನ್ನ ಸೇರಿಸ್ಕೊಂಡಿದ್ದು ಸ್ವಾಮಿ. ಇವನನ್ನ ಹ್ಯಾಗೆ ನೋಡ್ಕೋಬೇಕು ಅಂತ ಒಬ್ಬರಾದ್ರೂ ಹೇಳ್ಕೊಟ್ಟಿದ್ದಾರಾ? ಸರಪಳಿ ಬಿಚ್ಚಿದ ದಿನ ಒಬ್ಬ ಕೈದಿಯ ದವಡೆ ಮುರಿದ. ಹೊಡೆದ್ರೆ ಪಾಪ ಅಂತೀರಿ. ಹೊಡೀದಿದ್ರೆ ನಾನು ಮನೆಗೆ ಹೋಗಲ್ಲ."

ಆತ ಹೇಳಿದ್ದರಲ್ಲಿ ಸುಳ್ಳೇನಿತ್ತು? ಕಾಯಿಲೆಯವನನ್ನು ಕಳ್ಳರ ಜೊತೆ ಕೂಡಿಹಾಕಿ, ಕಾವಲಿಗೆ ಲಾಠಿಯವನನ್ನು ನಿಲ್ಲಿಸಿ, ಬೀಗ ಹಾಕಿದ್ದೇವೆ ಇನ್ನೇನು ಎಂದು ನೆಮ್ಮದಿಯಾಗಿರುವ ನಮ್ಮ ಸರ್ಕಾರಕ್ಕೆ ಏನನ್ನೋಣ! ಶಿವಗಂಗಮ್ಮ ಮಾತ್ರ ತಂದಿದ್ದ ವಿಭೂತಿಯನ್ನು ಕಂಬಿಯ ಸಂದಿನಿಂದ ಕೈ ಚಾಚಿ ಅವನ ಹಣೆಗೆ ಹಚ್ಚಿದಳು. ಕಾವಲುಗಾರ ಹೆದರಿ ಆಕೆಯ ಸೆರಗು ಹಿಡಿದು ಹಿಂದಕ್ಕೆಳೆದ.

ಕೊನೆಗೊಮ್ಮೆ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಬುದ್ಧಿ ಸ್ವಾಧೀನದಲ್ಲಿಲ್ಲದಾಗ ಮಾಡಿದ ಕೃತ್ಯವೆಂದು ಕೋರ್ಟು ಶಿಕ್ಷೆ ವಿಧಿಸಲಿಲ್ಲ, ಸರ್ಕಾರದ ಅಪ್ಪಣೆಯಾಗುವವರೆಗೆ ಆಸ್ಪತ್ರೆಯ ಕಾವಲಿನಲ್ಲಿರಲಿ ಎಂದಿತು. ಅಷ್ಟು ಹೊತ್ತಿಗೆ ಹೊಸ ಮಾತ್ರೆಗಳು ಬಂದಿದ್ದವು. ಅಲ್ಲೊಬ್ಬರು ಒಳ್ಳೆಯ ವೈದ್ಯರೂ ಇದ್ದರು. ನಿಧಾನವಾಗಿ ಸಿದ್ದಬಸಪ್ಪ ಮನುಷ್ಯನಾದ. ಚಾಪೆ ನೇಯುವುದು ಕಲಿತ. ಲಿಂಗಪೂಜೆ ಮತ್ತೆ ಶುರುಮಾಡಿದ. ಒಂದು ದಿನ ತಾನು ಕೊಂದದ್ದು ಚನ್ನಪ್ಪನನ್ನೇ ಎಂಬುದು ಅವನಿಗೆ ತಿಳಿಯಿತಂತೆ. ಆ ವಾರವೆಲ್ಲ ಅವನನ್ನು ಒಂಟಿಯಾಗಿ ಬಿಡಲಿಲ್ಲ ಎಂದು ವೈದ್ಯರು ಹೇಳಿದರು.

ಅರವತ್ತೊಂದರಲ್ಲಿ, ಗುಣವಾಗಿದೆ, ಜಾಮೀನು ಕೊಟ್ಟು ಮನೆಯವರು ಕರೆದುಕೊಂಡು ಹೋಗಬಹುದು ಎಂದು ಅಪ್ಪಣೆಯಾಯಿತು. ಊರಿಗೆ ಊರೇ ಬೇಡ ಎಂದಿತು. ಹಳೇಬೀಡಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಆಕೆಯ ಅಣ್ಣ ದೇವೀರಪ್ಪ ತಲೆ ಕೆರೆದುಕೊಂಡ. ನನಗೂ ತಡೆಯಲಾಗದೆ ಕೇಳಿಯೇಬಿಟ್ಟೆ. "ಗಂಗಮ್ಮ, ನೀವು ಸಾಕಿದ ಮಗನನ್ನ ಕೊಂದವನು ಕಣ್ರೀ. ಹ್ಯಾಗೆ ಮನೆಗೆ ಕರ್ಕೊಂಡು ಬರ್ತೀರಿ?"

"ಕೊಂದೋನು ಬ್ಯಾರೆ, ಇವನು ಬ್ಯಾರೆ ಮೇಷ್ಟ್ರೇ. ಕೊಂದೋನ್ನ ನಾನು ಇವತ್ತಿಗೂ ಶಪಿಸ್ತೀನಿ. ಇವನು ನನ್ನ ಗಂಡ, ಕಾಯಿಲೆ ಬಿದ್ದು ಎದ್ದವ್ನೆ. ಅಲ್ಲೇ ಬಿಟ್ಟು ಬಂದು ನಾನು ಇಲ್ಲಿ ಮುದ್ದೆ ಉಣ್ಲಾ?"

ದೇವೀರಪ್ಪ ಗೊಣಗುತ್ತಲೇ ಜಾಮೀನಿಗೆ ರುಜು ಹಾಕಿದ. ಹರಿತವಾದ ಹತ್ಯಾರು ಅವನ ಕೈಗೆ ಸಿಗಬಾರದು, ಮಾತ್ರೆ ತಪ್ಪಬಾರದು ಎಂದು ಆಸ್ಪತ್ರೆಯವರು ಎರಡು ಮಾತು ಹೇಳಿ ಕಳಿಸಿದರು. ಕೊಬ್ಬರಿ ಮನೆಯಲ್ಲಿ ಮಚ್ಚು ಸಿಗಬಾರದು ಎಂದರೆ ಅಡಿಗೆ ಮನೆಯಲ್ಲಿ ಒಲೆ ಇರಬಾರದು ಎಂದ ಹಾಗೆ. ಶಿವಗಂಗಮ್ಮ ಅದಕ್ಕೂ ಉಪಾಯ ಹುಡುಕಿದಳು. ಮನೆಯ ಮಚ್ಚುಗಳನ್ನೆಲ್ಲ ತಂದು ನಮ್ಮ ಮಂಚದ ಕೆಳಗೆ ಇಟ್ಟಳು. ಕೆಲಸವಿದ್ದಾಗ ನನ್ನ ಹೆಂಡತಿ ಗೋದಾಳಿಂದ ಒಂದನ್ನು ಈಸಿಕೊಂಡು, ನಮ್ಮ ಜಗುಲಿಯ ಮೇಲೇ ಕೂತು ಚಿಪ್ಪು ಹಾರಿಸಿ, ಸಂಜೆ ಹಿಂದಕ್ಕೆ ಕೊಡುತ್ತಿದ್ದಳು. ಬೇಲೂರಿನಿಂದ ಬಂದ ನಮ್ಮಣ್ಣ ಮಂಚದ ಕೆಳಗೆ ಇಣುಕಿ, "ಏನೋ ರಾಮಾನುಜ, ಮೇಷ್ಟ್ರ ಕೆಲಸ ಬಿಟ್ಟು ದರೋಡೆಗೆ ಇಳಿದೆಯಾ?" ಎಂದು ಬೆಚ್ಚಿಬಿದ್ದಿದ್ದ.

ಎರಡು ವರ್ಷಕ್ಕೂ ಮೇಲೆ ಎಲ್ಲ ಚೆನ್ನಾಗಿಯೇ ನಡೆಯಿತು. ಸಿದ್ದಬಸಪ್ಪ ಹಗ್ಗ ಹೊಸೆಯುತ್ತಿದ್ದ, ಸಸಿಗೆ ನೀರು ಹೊರುತ್ತಿದ್ದ. ಊರಿನವರು ಮೊದಲು ದೂರ ಸರಿದರು, ಆಮೇಲೆ ಹತ್ತಿರ ಬಂದರು, ಕೊನೆಗೆ ಮರೆತರು. ಶಿವಗಂಗಮ್ಮ ತಿಂಗಳಿಗೊಮ್ಮೆ ಅರಸೀಕೆರೆಯಲ್ಲಿ ರೈಲು ಹತ್ತಿ ದೂರದ ನಗರಕ್ಕೆ ಹೋಗಿ ಮಾತ್ರೆ ತರುತ್ತಿದ್ದಳು. ಇಲ್ಲಿನ ಯಾವ ಆಸ್ಪತ್ರೆಯಲ್ಲೂ ಅದು ಇರಲಿಲ್ಲ.

ಅರವತ್ತನಾಲ್ಕರ ಮಳೆಗಾಲದಲ್ಲಿ ಆಕೆಗೆ ವಿಷಮಶೀತಜ್ವರ ಬಂದು ಹಾಸಿಗೆ ಹಿಡಿದಳು. ಮಾತ್ರೆ ಮುಗಿಯಿತು. ನೋಡಿಕೊಳ್ಳಲು ಬಂದಿದ್ದ ದೇವೀರಪ್ಪನನ್ನು ಆಕೆ ನಗರಕ್ಕೆ ಹೋಗಿಬಾ ಎಂದರೆ, "ಗುಣ ಆಗೈತೆ ಅಂತ ಸರ್ಕಾರನೇ ಬರ್ಕೊಟ್ಟೈತೆ. ಗುಣ ಆದೋನಿಗೆ ಯಾಕವ್ವ ಔಷಧಿ?" ಎಂದ. ನಿಜವಾಗಿಯೂ ಮಾತ್ರೆ ಬಿಟ್ಟ ಮೇಲೆ ಸಿದ್ದಬಸಪ್ಪನ ಮಂಕು ಹರಿದು ಲವಲವಿಕೆ ಬಂತು. "ನೋಡು, ಇನ್ನೂ ಚೆನ್ನಾಗವ್ನೆ" ಎಂದು ದೇವೀರಪ್ಪ ಬೀಗಿದ. ನಾನೂ ನಂಬಿದೆ. ಒಬ್ಬ ಕೊಲೆ ಮಾಡಿದ ರೋಗಿಯನ್ನು ಮನೆಗೆ ಕಳಿಸಿದ್ದೇವೆ, ತಿಂಗಳುಗಟ್ಟಲೆ ಮಾತ್ರೆಗೆ ಬರಲಿಲ್ಲವಲ್ಲ, ಏನಾಯಿತೋ ಎಂದು ಕೇಳುವ ಒಂದು ನರಪಿಳ್ಳೆಯೂ ಆ ಕಡೆಯಿಂದ ಬರಲಿಲ್ಲ. ಕೊಟ್ಟ ದನವನ್ನಾದರೂ ಹ್ಯಾಗಿದೆ ಎಂದು ವಿಚಾರಿಸುತ್ತೇವೆ.

ದೀಪಾವಳಿ ಕಳೆದು ಶಿವಗಂಗಮ್ಮ ಹಾಸಿಗೆ ಬಿಟ್ಟು ಏಳುವ ಹೊತ್ತಿಗೆ, ಒಂದು ಮಧ್ಯಾಹ್ನ ಸಿದ್ದಬಸಪ್ಪ ತಾನಾಗಿಯೇ ಶಾಲೆಗೆ ಬಂದ. ನಾನು ಊಟದ ಡಬ್ಬಿ ಮುಚ್ಚುತ್ತಿದ್ದೆ. ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಬತ್ತಾ ಐತೆ" ಎಂದ.

"ಏನು ಬರ್ತಾ ಇದೆ ಸಿದ್ದಬಸಪ್ಪ?"

"ಅದೇ. ಆವಾಗ ಬಂದಿದ್ದು. ಗಂಗಿ ಮುಖ ಆಗಾಗ ಬ್ಯಾರೆ ಕಾಣ್ತೈತೆ. ನೀನು ಗಂಗೀನೇನಾ ಅಂತ ಕೇಳ್ತೀನಿ. ನಮ್ಮ ಮದುವೇಲಿ ಮಳೆ ಬಂದು ಚಪ್ಪರ ಬಿದ್ದಿದ್ದು ಹೇಳ್ತಾಳೆ. ಆಗ ಗಂಗೀನೇ ಅಂತ ಗೊತ್ತಾಯ್ತದೆ. ಆದ್ರೆ ಇನ್ನೊಂದು ದಿನ, ಇದನ್ನೂ ಅವಳು ಗಂಗಿ ತಾವ ಕಲ್ತುಕೊಂಡು ಬಂದವ್ಳೆ ಅಂತ ನಂಗೆ ಅನ್ಸುತ್ತೆ. ಅಷ್ಟರೊಳಗೆ ನನ್ನ ಎಲ್ಲಾದ್ರೂ ಕೂಡಾಕ್ಸಿ ಮೇಷ್ಟ್ರೇ. ಸರಪಳಿ ಹಾಕ್ಸಿ, ಪರವಾಗಿಲ್ಲ."

ಬೆಂಕಿ ಬೀಳುತ್ತದೆ ಎಂದು ಬೆಂಕಿಯೇ ಬಂದು ಎಚ್ಚರಿಸುವುದನ್ನು ನಾನು ಎಂದೂ ಕಂಡಿರಲಿಲ್ಲ.

ಮರುದಿನವೇ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ನಗರದ ಆಸ್ಪತ್ರೆಗೆ ಹೋದೆ. ಆ ಒಳ್ಳೆಯ ವೈದ್ಯರು ವರ್ಗವಾಗಿ ಹೋಗಿದ್ದರು. ಹೊಸಬರು ನೋಡಿ ಮಾತ್ರೆ ಬರೆದರು, ಸೇರಿಸಿಕೊಳ್ಳುವುದು ಕಚೇರಿಗೆ ಬಿಟ್ಟದ್ದು ಎಂದರು. ಕಚೇರಿಯ ಗುಮಾಸ್ತ ಹಳೆಯ ಕಡತ ತೆಗೆಸಿ, "ಇವನು ಖೂನಿ ಕೇಸು. ಸಾಧಾರಣ ರೋಗಿಗಳ ಜೊತೆ ಹಾಕೋ ಹಾಗಿಲ್ಲ. ಕೈದಿಗಳ ವಾರ್ಡಿಗೆ ಬರಬೇಕಾದ್ರೆ ಜೈಲಿನಿಂದ ಪೊಲೀಸರ ಜೊತೆ ಬರಬೇಕು" ಎಂದ. ಅವನು ಈಗ ಕೈದಿ ಅಲ್ಲವಲ್ಲ ಎಂದೆ. "ಹೌದಲ್ಲ, ಅದಕ್ಕೇ ಆಗೋದಿಲ್ಲ" ಎಂದ. ಹೇಳಿ ಕಾಫಿ ಕುಡಿಯಲು ಎದ್ದು ಹೋದ.

ತಂದ ಮಾತ್ರೆಯನ್ನು ಶಿವಗಂಗಮ್ಮ ಕೊಟ್ಟರೆ ಅವನು ನುಂಗಲೊಲ್ಲ. ಯಾವ ಗಂಗಿ ಕೊಡುತ್ತಿದ್ದಾಳೆ ಎಂಬ ಅನುಮಾನ. ನಾನು ಕೊಟ್ಟರೆ ಒಂದು ದಿನ ನುಂಗಿದ, ಇನ್ನೊಂದು ದಿನ ನನ್ನ ಮುಖವನ್ನೂ ಬಹಳ ಹೊತ್ತು ನೋಡಿ ಉಗಿದ.

ಇನ್ನು ಉಳಿದದ್ದು ತಾಲ್ಲೂಕಿನ ಬಾಗಿಲುಗಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸಿದ್ದಬಸಪ್ಪನ ಹೆಸರು, ಊರು, ವಾರ ಯಾವುದು ಎಂದು ಕೇಳಿದರು. ಅವನು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ. "ಇಷ್ಟು ಸಮಾಧಾನವಾಗಿದ್ದಾರಲ್ಲ ಮೇಷ್ಟ್ರೇ, ನನಗೇನು ಇವರಿಗಾಗಿ ಬೀಗದ ಕೋಣೆ ಇದೆಯೇ? ಹೆರಿಗೆ ವಾರ್ಡಿನ ಪಕ್ಕದಲ್ಲಿ ಮಲಗಿಸಲೇ?" ಎಂದರು. ಸಬ್‌ಜೈಲಿನಲ್ಲಿ, ವಾರಂಟು ಇಲ್ಲದೆ ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ ಎಂದು ಕಾವಲಿನವನು ಕೈ ಮುಗಿದ. ಸಿದ್ದಬಸಪ್ಪ ಆ ಬಾಗಿಲಿನ ಕಂಬಿ ಹಿಡಿದುಕೊಂಡು ಬಿಡಲಿಲ್ಲ. ಒಳಗಿದ್ದ ಕಳ್ಳರು ಹೊರಗೆ ಬಿಡಿ ಎನ್ನುವಾಗ ಇವನೊಬ್ಬ ಒಳಗೆ ಬಿಡಿ ಎಂದು ಅಳುತ್ತಿದ್ದ. ನೋಡಿದವರು ನಕ್ಕರು. ಶಿವಗಂಗಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಪೊಲೀಸ್ ಠಾಣೆಯಲ್ಲಿ ಒಬ್ಬ ದಫೇದಾರ ನೇರವಾಗಿಯೇ ಹೇಳಿದ. "ಏನಾದ್ರೂ ಮಾಡಿದ್ರೆ ಹಿಡೀಬೌದು ಸ್ವಾಮಿ. ಮಾಡ್ತೀನಿ ಅಂತ ಅನ್ಸುತ್ತೆ ಅನ್ನೋನ್ನ ಹ್ಯಾಗೆ ಹಿಡಿಯೋದು?"

ಆ ಮಾತು ಶಿವಗಂಗಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಬಸ್ಸಿನಲ್ಲಿ ಬರುವಾಗ ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಗಯ್ಯಾಳಿ ಎಂದು ಹೆಸರಾದವಳು ಸುಮ್ಮನೆ ಕೂತದ್ದು ಕಂಡು ನನಗೆ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಗೋದಾಳಿಂದ ಮಚ್ಚು ಈಸಿಕೊಂಡು, ಅಂದು ನಮ್ಮ ಜಗುಲಿಯಲ್ಲಿ ಕೂರದೆ ತನ್ನ ಮನೆಗೇ ಹೋದ ಆಕೆ, ಸ್ವಲ್ಪ ಹೊತ್ತಿಗೆಲ್ಲ ಎಡಗೈಗೆ ಸೀರೆಯ ಚೂರು ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಬಟ್ಟೆಯೆಲ್ಲ ಕೆಂಪಾಗಿತ್ತು. ಹಿಂದೆ ಸಿದ್ದಬಸಪ್ಪ ಪೆಚ್ಚಾಗಿ ನಿಂತಿದ್ದ.

"ಮೇಷ್ಟ್ರೇ, ನನ್ನ ಗಂಡ ಮಚ್ಚಿನಾಗೆ ಹೊಡೆದ. ಬನ್ನಿ, ಕಂಪ್ಲೇಂಟು ಕೊಡಾನ."

"ಹೊಡೆದನಾ?" ಎಂದು ನಾನು ಅವನ ಕಡೆ ತಿರುಗಿದರೆ ಅವನು ತಲೆ ಅಲ್ಲಾಡಿಸಿದ. ಆಕೆ ದನಿ ತಗ್ಗಿಸಿದಳು. "ನಾನೇ ಕುಯ್ಕಂಡೆ. ಅವನಿಗೂ ಹೇಳೇ ಮಾಡಿದ್ದು. ಏನಾದ್ರೂ ಮಾಡಿದ್ರೇನೆ ತಾನೇ ಒಳಗೆ ಹಾಕೋದು? ಮಾಡಿದ ಅಂತ ಆಗ್ಲಿ. ನೀವು ಸುಳ್ಳು ಹೇಳ್ಬೇಡಿ, ಸುಮ್ಕೆ ಜೊತೇಲಿ ಬನ್ನಿ."

ಗಂಡನನ್ನು ಜೈಲಿನಿಂದ ಬಿಡಿಸಲು ಸುಳ್ಳು ಹೇಳಿದ ಹೆಂಡತಿಯರನ್ನು ಕೇಳಿ ಬಲ್ಲೆ. ಜೈಲಿಗೆ ಸೇರಿಸಲು ಮೈ ಕೊಯ್ದುಕೊಂಡವಳನ್ನು ಇವಳೊಬ್ಬಳನ್ನೇ ಕಂಡದ್ದು. ಬೈಯಬೇಕೆಂದುಕೊಂಡವನಿಗೆ ಕಣ್ಣು ತುಂಬಿ ಬಂತು. ಹೊರಟೆ.

ಆಕೆ ಮಚ್ಚನ್ನೂ ಸಾಕ್ಷಿಗೆಂದು ಚೀಲದಲ್ಲಿ ತಂದಿದ್ದಳು. ಠಾಣೆಯಲ್ಲಿ ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರು ಕೆಟ್ಟವರಲ್ಲ, ತೆಂಗಿನ ಸೀಮೆಯ ರೈತರ ಮನೆಯಿಂದಲೇ ಬಂದವರು. ಕುರ್ಚಿ ಹಾಕಿಸಿ ಕೂರಿಸಿದರು. ಶಿವಗಂಗಮ್ಮ ಕಲಿತ ಪಾಠ ಒಪ್ಪಿಸಿದಳು. ಗಂಡ ಎದುರಿಗೆ ನಿಂತು ಮಚ್ಚು ಬೀಸಿದ, ತಾನು ಕೈ ಅಡ್ಡ ಹಿಡಿದೆ ಎಂದಳು. ಸಿದ್ದಬಸಪ್ಪನೂ "ಹೌದು ಸ್ವಾಮಿ, ನಾನೇ ಹೊಡೆದೆ, ಒಳಗೆ ಹಾಕಿ" ಎಂದ. ಇನ್‌ಸ್ಪೆಕ್ಟರು ಗಾಯ ತೋರಿಸಮ್ಮ ಎಂದರು. ಬಟ್ಟೆ ಬಿಚ್ಚಿದಳು. ಎಡಗೈ ಹೆಬ್ಬೆರಳಿನ ಬುಡ. ಹಳೆಯ ಗೆರೆಗಳ ಮೇಲೆ, ಅದೇ ಓರೆಯಲ್ಲಿ, ಹೊಸದೊಂದು ಗೆರೆ.

ಅವರು ಒಂದು ಗಳಿಗೆ ನೋಡಿ ಗೊಳ್ಳನೆ ನಕ್ಕರು. ಕೆಟ್ಟ ನಗುವಲ್ಲ, ನಮ್ಮೂರಿನವರು ಸಿಕ್ಕಿದರೆಂಬ ನಗು. "ಏನಮ್ಮ, ಯಾರಿಗೆ ಹೇಳ್ತೀಯ ಕಥೆ? ಇದು ಕೊಬ್ಬರಿ ಗಾಯ. ನಮ್ಮವ್ವನ ಕೈಲೂ ಇದೇ ಜಾಗದಲ್ಲಿ ಇದೆ. ಎದುರಿಗೆ ನಿಂತು ಬೀಸಿದ ಏಟು ಇಲ್ಲಿಗೆ ಬೀಳುತ್ತಾ? ಚಿಪ್ಪು ಹಾರಿಸೋವಾಗ ಕೈ ಕುಯ್ಕೊಂಡು ಪಾಪ ಗಂಡನ ಮೇಲೆ ಹಾಕ್ತೀಯಲ್ಲ!"

ಆಕೆಯ ಮುಖ ಸುಣ್ಣದಂತಾಯಿತು. ಆಮೇಲೆ ಬಸ್ಸಿನಲ್ಲಿ ನನಗೆ ಹೇಳಿದಳು. "ತೋಳಿಗೆ ಕುಯ್ಕಬೇಕು ಅಂತಾನೇ ಕೂತೆ ಮೇಷ್ಟ್ರೇ. ಮಚ್ಚು ಹಿಡಿದ ಕೈ ಅದರ ಪಾಡಿಗೆ ಅಲ್ಲಿಗೇ ಹೋಯ್ತು. ಅದಕ್ಕೆ ಬ್ಯಾರೆ ದಾರಿ ಗೊತ್ತಿಲ್ಲ."

ನಾನು ಎದ್ದು ನಿಂತು ನಿಜವನ್ನೆಲ್ಲ ಹೇಳಿದೆ. ಹಿಂದಿನ ಕೊಲೆ, ಆಸ್ಪತ್ರೆ, ಮಾತ್ರೆ ತಪ್ಪಿದ್ದು, ಅವನು ತಾನಾಗಿಯೇ ಬಂದು ಎಚ್ಚರಿಸಿದ್ದು. ಕೂಗಿಯೇ ಹೇಳಿದೆ ಎಂದು ಕಾಣುತ್ತದೆ, ಪೇದೆಗಳು ಬಾಗಿಲಿಗೆ ಬಂದರು. ಇನ್‌ಸ್ಪೆಕ್ಟರು ನಗು ನಿಲ್ಲಿಸಿ ಕೇಳಿದರು. ಗುಣವಾಗಿದೆ ಎಂಬ ಸರ್ಟಿಫಿಕೇಟು ಇದೆಯೇ ಎಂದರು. ಇದೆ ಎಂದೆ. "ದೊಡ್ಡ ಡಾಕ್ಟರು ಗುಣವಾಗಿದೆ ಅಂದಮೇಲೆ ನಾನು ಇಲ್ಲ ಅನ್ನೋಕೆ ಯಾರು ಮೇಷ್ಟ್ರೇ? ಸುಳ್ಳು ದೂರು ಅಂತ ಕಣ್ಣಿಗೆ ಕಾಣ್ತಿದೆ. ಇದರ ಮೇಲೆ ಅರೆಸ್ಟ್ ಮಾಡಿದ್ರೆ ಕೋರ್ಟಲ್ಲಿ ನನ್ನ ಮಾನ ಹೋಗುತ್ತೆ. ಇಬ್ಬರು ಡಾಕ್ಟರ ಬರಹ ತಗೊಂಡು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಿ, ಆರ್ಡರ್ ಬಂದ್ರೆ ನಾನೇ ಕರ್ಕೊಂಡು ಹೋಗ್ತೀನಿ." ಆಮೇಲೆ ಮೇಜಿನ ಮೇಲಿದ್ದ ಮಚ್ಚನ್ನು ಎತ್ತಿ ಸಿದ್ದಬಸಪ್ಪನ ಕಡೆ ಚಾಚಿದರು. "ತಗೊಳ್ಳಪ್ಪ ನಿನ್ನ ಮಚ್ಚು. ಹೆಂಡ್ತಿ ಜೊತೆ ಜಗಳ ಆಡಬೇಡ."

ಸಿದ್ದಬಸಪ್ಪ ಎರಡು ಕೈಯನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ನಂಗೆ ಕೊಡ್ಬೇಡಿ ಸ್ವಾಮಿ, ನಂಗೆ ಕೊಡ್ಬೇಡಿ" ಎಂದು ಗೋಡೆಗೆ ಆತುಕೊಂಡ. ಶಿವಗಂಗಮ್ಮ ಮಚ್ಚನ್ನು ಈಸಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಹಾರನಹಳ್ಳಿಯಲ್ಲಿ ಬಸ್ಸಿಳಿದಾಗ, ಮಚ್ಚು ನಮ್ಮ ಮನೆಗೆ ಕೊಟ್ಟು ಹೋಗಿ ಎಂದು ನೆನಪಿಸಿದೆ. ಆ ಹೊತ್ತಿಗೆ ಸಿದ್ದಬಸಪ್ಪ ನಮ್ಮಿಬ್ಬರನ್ನೂ ಬಿಟ್ಟು ಬಿರಬಿರನೆ ಮುಂದೆ ನಡೆದುಬಿಟ್ಟಿದ್ದ. ಅವನನ್ನು ಒಬ್ಬನೇ ಬಿಡಬಾರ್ದು, ನಾಳೆ ತಂದುಕೊಡ್ತೀನಿ ಎಂದು ಆಕೆ ಓಡಿದಳು. ಗಾಯದ ಕೈಯನ್ನು ಎದೆಗೆ ಒತ್ತಿಕೊಂಡು, ಚೀಲವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಓಡಿದಳು. ನಾನು ಕಂಡದ್ದು ಅದೇ ಕೊನೆ.

ಬೆಳಗಾದ ಮೇಲೆ ಗೋದಾ ಹೂವು ಬಿಡಿಸಲು ಹಿತ್ತಲಿಗೆ ಹೋದವಳು ಕಿರುಚಿದಳು. ಬೇಲಿಯಾಚೆ ಶಿವಗಂಗಮ್ಮ ಹಿತ್ತಲ ಒಲೆಯ ಮುಂದೆ ಬಿದ್ದಿದ್ದಳು, ನೀರು ಕಾಯುತ್ತಿತ್ತು. ಸಿದ್ದಬಸಪ್ಪ ತೋಟದ ದಾರಿಯಲ್ಲಿ ನಿಂತು ಕೈ ಬೀಸಿ ಕರೆಯುತ್ತಿದ್ದ. "ಗಂಗೀ, ಬಾರೇ. ಅವಳು ಹೋದ್ಳು ಕಣೇ. ಬಾ, ಕೈ ಗಾಯಕ್ಕೆ ಔಷಧಿ ಹಾಕಾನ."

ಮುಂದಿನದನ್ನು ಈಗಲೂ ತಿದ್ದಿ ತಿದ್ದಿ ಬರೆಯುತ್ತಿದ್ದೇನೆ. ದುಃಖಕ್ಕೋ ಕೋಪಕ್ಕೋ ನನಗೇ ತಿಳಿಯದು.

ಅದೇ ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದರು. ಹೆಣ ನೋಡಿ ಟೋಪಿ ತೆಗೆದು, ನನ್ನ ಮುಖ ನೋಡಲಾರದೆ ಬೇಲಿ ಹಿಡಿದುಕೊಂಡು ನಿಂತರು. ಮಧ್ಯಾಹ್ನಕ್ಕೆಲ್ಲ ಸಬ್‌ಜೈಲಿನ ಬಾಗಿಲು ತೆರೆಯಿತು. ಹೆರಿಗೆ ವಾರ್ಡಿನ ಮಾತಾಡಿದ್ದ ಡಾಕ್ಟರು ಇವನಿಗೆ ಹುಚ್ಚು ಎಂದು ಕೇಳುವ ಮೊದಲೇ ಬರೆದುಕೊಟ್ಟರು. ಮ್ಯಾಜಿಸ್ಟ್ರೇಟರು ಮನೆಯಲ್ಲೇ ರುಜು ಹಾಕಿದರು. ನಗರದ ಆಸ್ಪತ್ರೆಯಲ್ಲಿ ಕೈದಿಗಳ ವಾರ್ಡಿನಲ್ಲಿ ವಾರದೊಳಗೆ ಮಂಚ ಸಿಕ್ಕಿತು. ಎಲ್ಲರೂ ಎಷ್ಟು ಚುರುಕು, ಎಷ್ಟು ದಕ್ಷರು! ಆ ಬಾಗಿಲುಗಳಿಗೆಲ್ಲ ಬೇಕಾಗಿದ್ದ ಆರ್ಡರು ಶಿವಗಂಗಮ್ಮನ ಹೆಣವೊಂದೇ ಎಂದು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಕೊಲೆಯಾದ ಮೇಲೆ ಸಿಗುವ ಮಂಚ ಕೊಲೆಗೆ ಮೊದಲು ಯಾಕೆ ಸಿಗುವುದಿಲ್ಲ ಎಂದು ನಾನು ಆಮೇಲೆ ಎಷ್ಟೋ ದೊಡ್ಡವರನ್ನು ಕೇಳಿದ್ದೇನೆ. ತಲೆಯಾಡಿಸಿದ್ದಾರೆ, ಕಾನೂನು ಹಾಗಿದೆ ಎಂದಿದ್ದಾರೆ. ರೋಗಿಯನ್ನು ಬಿಡುವಾಗ ಮಾತ್ರೆಯನ್ನು ಅವನ ಊರಿಗೆ ತಲುಪಿಸಿ, ತಿಂಗಳಿಗೊಮ್ಮೆ ಯಾರಾದರೂ ಬಂದು ಅವನ ಮುಖ ನೋಡಲಿ, ಬರುತ್ತಿದೆ ಎಂದು ಅವನೇ ಬಾಗಿಲು ತಟ್ಟಿದರೆ ತೆರೆಯಲಿ. ಇದಕ್ಕೆ ಎಂಥ ಮೇಧಾವಿ ಬೇಕು?

ಬಸ್ತಿಹಳ್ಳಿಯವರು ಬಂದು ಆಕೆಯನ್ನು ತೋಟದಲ್ಲಿ, ಚನ್ನಪ್ಪನ ಸಮಾಧಿಯ ಪಕ್ಕದಲ್ಲೇ ಕೂರಿಸಿ ಮಣ್ಣು ಮಾಡಿದರು. ದೇವೀರಪ್ಪ ತಲೆ ಎತ್ತದೆ ಮಣ್ಣು ಎಳೆದ. ಅಂದಿನಿಂದ ಅವನು ಆ ಊರಿಗೆ ಬರಲಿಲ್ಲ.

ವರ್ಷ ಕಳೆದ ಮೇಲೆ ನಾನು ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಎಂದರೆ ಹೇಳಲಾರೆ, ಅವನನ್ನು ನೋಡಲು ಬೇರೆ ಯಾರೂ ಉಳಿದಿರಲಿಲ್ಲ. ಮಾತ್ರೆ ಹಿಡಿದಿದೆ, ಶಾಂತವಾಗಿದ್ದಾನೆ, ಆದರೆ ಆ ದಿನದ್ದು ಯಾವುದೂ ನೆನಪಿಲ್ಲ ಎಂದರು ವೈದ್ಯರು. ಹೇಳಿಲ್ಲವೇ ಎಂದೆ. ಈಗಲೇ ಹೇಳಿದರೆ ಉಳಿಯುವುದಿಲ್ಲ ಎಂದರು.

ಸಿದ್ದಬಸಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು, ಶುಭ್ರವಾದ ಅಂಗಿ ತೊಟ್ಟು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ತಿಳಿಯಾಗಿತ್ತು. ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದ.

"ಗಂಗಿ ಬರಲಿಲ್ವಾ ಮೇಷ್ಟ್ರೇ? ಕೊಯ್ಲು ಅಂತ ಕಾಣ್ತೈತೆ, ಬಿಡಿ. ಕೊನೆಗೂ ಒಳಗೆ ಸೇರಿಸಿಬಿಟ್ಟಳು ನೋಡಿ, ಗಟ್ಟಿಗಿತ್ತಿ! ಯಾರ ಕೈಲೂ ಆಗ್ಲಿಲ್ಲ, ಅವಳ ಕೈಲಿ ಆಯ್ತು. ಇನ್ನು ನನ್ನಿಂದ ಅವಳಿಗೆ ಏನೂ ಭಯ ಇಲ್ಲ ಅಂತ ಹೇಳಿ."

ಹೇಳುತ್ತೇನೆ ಎಂದೆ.